ದೋಸೆಗೆ ಖಡಕ್ಕು, ನಾಟಕಕ್ಕೆ ಚಪ್ಪಾಳೆ

ಬೆಂಗಳೂರಿನವರ ಹತ್ತಿರ ಮಸಾಲೆ ದೋಸೆ ಬಗ್ಗೆ ಒಂದು ಮಾತು ಎತ್ತಿ ನೋಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಬಿಟ್ಟರೆ ಬೇರೆ ದೋಸೆಯೇ ಇಲ್ಲ ಅಂತ ಒಬ್ಬ ಶುರು ಮಾಡ್ತಾನೆ. ಮಲ್ಲೇಶ್ವರದವನು ಸುಮ್ಮನಿರ್ತಾನಾ? ಸಿಟಿಆರ್ ಮುಂದೆ ಅದ್ಯಾವ ಲೆಕ್ಕ ಅಂತಾನೆ. ಮೂರನೆಯವಳು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೆಸರು ತೆಗೀತಾಳೆ. ಆಮೇಲೆ ಅರ್ಧ ಗಂಟೆ ಮೀಟಿಂಗು ನಡೆಯಲ್ಲ. ಹಿಟ್ಟು ಸರಿಯಾಗಿ ಹುಳಿ ಬಂದಿದೆಯಾ, ತುಪ್ಪ ಜಾಸ್ತಿ ಆಯ್ತಾ, ಚಟ್ನಿ ನೀರಾಯ್ತಾ, ಹಳೇ ಭಟ್ಟರು ಹೋದ ಮೇಲೆ ಕೈರುಚಿ ಬದಲಾಯ್ತಾ, ಎಲ್ಲಾ ಚರ್ಚೆ ಆಗುತ್ತೆ. ಇವರಲ್ಲಿ ಒಬ್ಬರೂ ಅಡುಗೆ ಕಲಿಸೋ ಕಾಲೇಜಿಗೆ ಹೋದವರಲ್ಲ. ಮನೇಲಿ ನೆಟ್ಟಗೆ ಒಂದು ದೋಸೆ ಹುಯ್ಯಲಿಕ್ಕೆ ಬರದವರೂ ಇದ್ದಾರೆ. ಆದರೂ ತೀರ್ಪು ಕೊಡೋಕೆ ಯಾರಿಗೂ ಹಿಂಜರಿಕೆ ಇಲ್ಲ.

ಇದೇ ಜನರನ್ನ ನಾಟಕ ಮುಗಿದ ಮೇಲೆ ಮಾತಾಡಿಸಿ. "ಹೆಂಗಿತ್ತು?" "ಸೂಪರ್ ಗುರು." "ಏನು ಇಷ್ಟ ಆಯ್ತು?" "ಎಲ್ಲಾನೂ. ಸಖತ್ ಆಗಿತ್ತು." ಅಲ್ಲಿಗೆ ಮುಗೀತು. ಮುಂದಿನ ಪ್ರಶ್ನೆ, "ಊಟ ಎಲ್ಲಿ?"

ಹತ್ತಿರ ಹತ್ತಿರ ಹತ್ತು ವರ್ಷದಿಂದ ಆಫೀಸು ಮುಗಿಸಿಕೊಂಡು ನಾಟಕಕ್ಕೆ ಓಡುವವನಾಗಿ ಇದನ್ನ ನೋಡ್ತಾ ಬಂದಿದ್ದೀನಿ. ನನ್ನ ತಕರಾರು ಇಷ್ಟೆ: ಈ ಊರಿನ ನಾವು ತಿಂಡಿಗೆ ಎಂಥಾ ಖಡಕ್ ವಿಮರ್ಶಕರೋ, ನಾಟಕಕ್ಕೆ ಅಷ್ಟೇ ಸಸಾರದ ಪ್ರೇಕ್ಷಕರು. ಅದು ನಮ್ಮ ಒಳ್ಳೆತನ ಅಂತ ನಾವು ಅಂದುಕೊಂಡಿದ್ದೀವಿ. ಅಲ್ಲ. ಕನ್ನಡ ರಂಗಭೂಮಿಗೆ ಅದರಿಂದ ನಷ್ಟವೇ ಆಗ್ತಿದೆ.

ಮೊದಲು ರಂಗಶಂಕರದಿಂದಲೇ ಶುರು ಮಾಡೋಣ, ಯಾಕಂದ್ರೆ ಇದನ್ನ ಓದುತ್ತಿರುವವರಲ್ಲಿ ಹೆಚ್ಚಿನವರು ಮೊದಲ ನಾಟಕ ನೋಡಿರೋದು ಅಲ್ಲೇ ಇರಬೇಕು. 1990ರಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ ಜಾಗ ಅದು. 2004ರಲ್ಲಿ ಜೆ.ಪಿ. ನಗರದ 2ನೇ ಹಂತದಲ್ಲಿ ಶುರುವಾಯ್ತು. ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ, ಸಂಜೆ 7.30ಕ್ಕೆ. ಬಾಗಿಲು ಹಾಕಿದ ಮೇಲೆ ನೀವು ಯಾರೇ ಆಗಿರಿ, ಒಳಗೆ ಬಿಡಲ್ಲ. "ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಸಾರ್" ಅನ್ನೋ ಮಂತ್ರ ಬೆಂಗಳೂರಿನಲ್ಲಿ ಎಲ್ಲಾ ಬಾಗಿಲನ್ನೂ ತೆಗೆಸುತ್ತೆ, ಆ ಬಾಗಿಲೊಂದನ್ನ ಬಿಟ್ಟು. ಈ ಒಂದು ನಿಯಮದಿಂದ ಆ ಜಾಗ ನಮಗೆ ಕಲಿಸಿದ್ದು ಬಹಳ: ನಾಟಕ ಅಂದ್ರೆ ಹೊತ್ತಿಗೆ ಸರಿಯಾಗಿ ಬಂದು, ಫೋನು ಆರಿಸಿ, ಬಾಯಿ ಮುಚ್ಚಿಕೊಂಡು ನೋಡಬೇಕಾದ್ದು ಅಂತ.

ಆದರೆ ಕೂರೋದನ್ನ ಕಲಿತಷ್ಟು ಚೆನ್ನಾಗಿ ನೋಡೋದನ್ನ ಕಲಿತ್ವಾ? ಬೇಕಾದರೆ ಕೆಳಗಿನ ಕೆಫೆಯಲ್ಲಿ ನಿಂತು ಕೇಳಿಸಿಕೊಳ್ಳಿ. ಅಲ್ಲಿನ ಸಾಬುದಾನ ವಡೆಗೆ ಊರಲ್ಲೆಲ್ಲ ಹೆಸರು. ಆ ವಡೆ ಹೊರಗೆ ಗರಿಗರಿ ಇದೆಯಾ, ಒಳಗೆ ಮೆತ್ತಗಿದೆಯಾ, ಹೋದ ಸಲಕ್ಕಿಂತ ಎಣ್ಣೆ ಹೆಚ್ಚಾಯ್ತಾ ಅನ್ನೋದನ್ನ ಜನ ಸ್ಪಷ್ಟವಾಗಿ ಹೇಳ್ತಾರೆ. ಮೇಲೆ ಒಂದೂವರೆ ಗಂಟೆ ಬೆವರು ಸುರಿಸಿದ ನಟಿಯ ಬಗ್ಗೆ ಅಷ್ಟು ನಿಖರವಾದ ಒಂದೇ ಒಂದು ವಾಕ್ಯ ಕಿವಿಗೆ ಬೀಳೋದು ಅಪರೂಪ.

ಯಾಕೆ ಹೀಗೆ? ರುಚಿ ಹುಟ್ಟೋದು ಹೋಲಿಕೆಯಿಂದ. ದೋಸೆ ನಾವು ವಾರಕ್ಕೆರಡು ಸಲ ತಿಂತೀವಿ. ಸಾವಿರ ದೋಸೆ ತಿಂದ ನಾಲಗೆಗೆ ಸಾವಿರದ ಒಂದನೇದನ್ನ ಅಳೆಯೋ ತಕ್ಕಡಿ ತಾನಾಗೇ ಸಿಗುತ್ತೆ. ನಾಟಕ ವರ್ಷಕ್ಕೊಂದು, ಹೆಚ್ಚು ಅಂದ್ರೆ ಎರಡು. ಅದೂ ಸ್ನೇಹಿತೆಯ ತಮ್ಮ ಪಾತ್ರ ಮಾಡ್ತಿದ್ದಾನೆ ಅಂತಲೋ, ವಾರಾಂತ್ಯಕ್ಕೆ ಮಾಲ್ ಬಿಟ್ಟು ಬೇರೇನಾದ್ರೂ ಇರಲಿ ಅಂತಲೋ ಹೋಗೋದು. ಹೋಲಿಸೋಕೆ ಪಕ್ಕದಲ್ಲಿ ಇನ್ನೊಂದು ಇಲ್ಲದಾಗ ಸಿಕ್ಕಿದ್ದೆಲ್ಲ ಸೂಪರ್ರೇ.

ಹೋಲಿಕೆ ಇದ್ದಾಗ ಇದೇ ಜನ ಹೇಗೆ ಮಾತಾಡ್ತಾರೆ ಅನ್ನೋದನ್ನ ನಾನು ಕಣ್ಣಾರೆ ಕಂಡಿದ್ದು 'ಮಲೆಗಳಲ್ಲಿ ಮದುಮಗಳು' ನಾಟಕದಲ್ಲಿ. 1967ರಲ್ಲಿ ಬಂದ ಕುವೆಂಪು ಕಾದಂಬರಿಯನ್ನ ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೆ ಬಂತು. ಒಂಬತ್ತು ಗಂಟೆಯ ನಾಟಕ, ಇಡೀ ರಾತ್ರಿ. ಪ್ರೇಕ್ಷಕರೇ ಚಾಪೆ, ಶಾಲು ಹಿಡ್ಕೊಂಡು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು. ನಡುರಾತ್ರಿ ಕಳೆದ ಮೇಲೆ ಟೀ ಹತ್ತಿರ ನಿಂತ ಜನ ಜಗಳಕ್ಕೇ ಬಿದ್ದಿದ್ದರು. ಗುತ್ತಿ ಹೀಗಲ್ಲ ಅಂತ ಒಬ್ಬರು. ಚಿನ್ನಮ್ಮನಿಗೆ ಇನ್ನೂ ಜಾಗ ಬೇಕಿತ್ತು ಅಂತ ಇನ್ನೊಬ್ಬರು. ಕಾಡು ಎಲ್ಲಿ ಸ್ವಾಮಿ, ಬರೀ ಮನುಷ್ಯರೇ ಕಾಣ್ತಿದ್ದಾರಲ್ಲ ಅಂತ ಮಗದೊಬ್ಬರು. ಅವರಿಗೆಲ್ಲ ಮಾತು ಬಂದಿದ್ದು ಹೇಗೆ? ಕಾದಂಬರಿ ಓದಿದ್ದರು. ಪಕ್ಕದಲ್ಲಿಟ್ಟು ನೋಡೋಕೆ ಏನೋ ಒಂದು ಇತ್ತು.

ನನ್ನ ಅಭಿಪ್ರಾಯವನ್ನೂ ಇಲ್ಲೇ ಹೇಳಿಬಿಡ್ತೀನಿ. ಆ ನಾಟಕದ ದೊಡ್ಡ ಗೆಲುವು ಅದು ಪ್ರೇಕ್ಷಕರನ್ನ ನಡೆಸಿದ್ದು. ನಿದ್ದೆಗಣ್ಣಲ್ಲಿ, ಚಳಿಯಲ್ಲಿ, ಕತ್ತಲಲ್ಲಿ ಹೆಜ್ಜೆ ಹಾಕುವಾಗ ಆ ಕಾದಂಬರಿಯ ಕಾಡುದಾರಿಗಳು ಕಾಲಿಗೆ ಸಿಕ್ಕವು. ದೊಡ್ಡ ಕೊರತೆ ಅಂದ್ರೆ ಹಾಡುಗಳ ಭರಾಟೆ. ಹಂಸಲೇಖ ಅವರ ಸಂಗೀತ ಬಿಡಿಬಿಡಿಯಾಗಿ ಕೇಳಿದರೆ ಚೆಂದವೇ. ಆದರೆ ಕಾದಂಬರಿಯಲ್ಲಿ ಕುವೆಂಪು ಎಷ್ಟೋ ಕಡೆ ಸುಮ್ಮನೆ ಮರದ ಕೆಳಗೆ ನಮ್ಮನ್ನ ನಿಲ್ಲಿಸಿಬಿಡ್ತಾರೆ. ಆ ಸುಮ್ಮನಿರುವಿಕೆಗೆ ನಾಟಕದಲ್ಲಿ ಪುರುಸೊತ್ತು ಸಿಗಲಿಲ್ಲ. ಇಷ್ಟು ಹೇಳಿದ್ದಕ್ಕೆ ಆ ನಾಟಕದ ಮೇಲಿನ ಗೌರವ ಕಡಿಮೆ ಆಯ್ತಾ? ಇಲ್ಲ. ಇನ್ನೊಂದು ರಾತ್ರಿ ನಿದ್ದೆಗೆಟ್ಟು ನೋಡೋಕೆ ನಾನು ತಯಾರಿದ್ದೀನಿ.

ಈಗ ಇನ್ನೊಂದು ತುದಿಗೆ ಬರೋಣ. ಇತ್ತೀಚೆಗೆ ಒಂದು ಹಾಸ್ಯ ನಾಟಕ ನೋಡಿದೆ. ತಂಡದ ಹೆಸರು ಬೇಡ, ಇಂಥವು ಒಂದಲ್ಲ ಹತ್ತಿವೆ. ಹೆಂಡತಿ ಶಾಪಿಂಗ್ ಹುಚ್ಚಿ, ಅತ್ತೆಗೆ ಸೀರಿಯಲ್ ಹುಚ್ಚು, ಅಳಿಯ ಸಾಫ್ಟ್‌ವೇರು, ಮನೆಗೆಲಸದವಳು ಇಂಗ್ಲಿಷ್ ಮಾತಾಡ್ತಾಳೆ, ನಗಿ. ನಡುವೆ ವಾಟ್ಸಾಪಲ್ಲಿ ಹೋದ ತಿಂಗಳೇ ಬಂದುಹೋದ ಜೋಕು. ಎಲ್ಲರ ಕೆನ್ನೆಗೂ ಮೈಕು, ಆದ್ದರಿಂದ ಪಿಸುಮಾತೂ ಒಂದೇ ಎತ್ತರ, ಕೂಗಾಟವೂ ಒಂದೇ ಎತ್ತರ. ಹಾಡುಗಳು ರೆಕಾರ್ಡು. ಕೊನೆಗೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ! ಹಳಸಿದ ಸಾಂಬಾರು ಬಡಿಸಿದ್ದರೆ ಇವರಲ್ಲಿ ಅರ್ಧ ಜನ ಮ್ಯಾನೇಜರನ್ನ ಕರೆಸುತ್ತಿದ್ದರು.

ಬೆಂಗಳೂರಿಗೆ ಹಾಸ್ಯ ನಾಟಕ ಹೊಸದಲ್ಲ. ಕೈಲಾಸಂ ಇಲ್ಲಿಯವರೇ. ಅವರ 'ಟೊಳ್ಳುಗಟ್ಟಿ' ನೂರು ವರ್ಷ ದಾಟಿದ ನಾಟಕ. ಅದರಲ್ಲಿ ಪರೀಕ್ಷೆ ಪಾಸು ಮಾಡುವ ಪುಟ್ಟು ಟೊಳ್ಳು, ಫೇಲಾಗುವ ಮಾಧು ಗಟ್ಟಿ. ಮಾರ್ಕ್ಸ್ ಕಾರ್ಡು ತೋರಿಸಿಯೇ ಕೆಲಸ ಗಿಟ್ಟಿಸಿದ ನಾವು ಆ ನಾಟಕಕ್ಕೆ ಕೂತರೆ ನಗು ಬರೋದು ನಮ್ಮ ಮೇಲೆ. ಕೈಲಾಸಂ ಹಾಸ್ಯದ ಗುರಿ ಟಿಕೆಟ್ ತಗೊಂಡು ಮುಂದೆ ಕೂತವನೇ. ಈಗಿನ ಬಹುಪಾಲು ಹಾಸ್ಯಕ್ಕೆ ಆ ಧೈರ್ಯ ಇಲ್ಲ. ಅದು ಅಲ್ಲಿ ಇಲ್ಲದವರನ್ನೇ ಆರಿಸಿಕೊಂಡು ನಗಿಸುತ್ತೆ. ಈ ವ್ಯತ್ಯಾಸವನ್ನ ತಂಡಕ್ಕೆ ಹೇಳಬೇಕಾದವರು ಯಾರು? ಪತ್ರಿಕೆಗಳಲ್ಲಿ ನಾಟಕ ವಿಮರ್ಶೆಗೆ ಸಿಗೋ ಜಾಗ ಅಂಗೈಯಗಲ. ಉಳಿದವರು ನಾವೇ.

"ಪಾಪ ಕಣ್ರೀ, ಕಷ್ಟಪಟ್ಟು ಮಾಡ್ತಾರೆ. ಕನ್ನಡ ನಾಟಕ ಉಳಿದಿರೋದೇ ಹೆಚ್ಚು. ಪ್ರೋತ್ಸಾಹ ಕೊಡೋದು ಬಿಟ್ಟು ಕೊಂಕು ತೆಗೀತೀರಲ್ಲ?" ಇದು ನನಗೆ ಸಾಮಾನ್ಯವಾಗಿ ಸಿಗೋ ಉತ್ತರ. ಕಷ್ಟಪಡೋದು ನಿಜ. ಈ ಊರಿನ ಹವ್ಯಾಸಿ ರಂಗಭೂಮಿಯನ್ನ ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಬಂದವರೇ ಕಟ್ಟಿದ್ದು. ಇವತ್ತು ಆ ಜಾಗದಲ್ಲಿ ಐಟಿಯವರು ಇದ್ದಾರೆ. ರಾತ್ರಿ ಹನ್ನೊಂದರವರೆಗೆ ತಾಲೀಮು, ಬೆಳಿಗ್ಗೆ ಒಂಬತ್ತಕ್ಕೆ ಕಾಲ್. ಆದರೆ ಅಷ್ಟು ಕಷ್ಟಪಟ್ಟವನಿಗೆ "ಪಾಪ" ಅನ್ನೋದು ಯಾವ ಸೀಮೆ ಪ್ರೋತ್ಸಾಹ? ಪಾಪ ಅಂತ ಯಾರೂ ದೋಸೆ ತಿನ್ನಲ್ಲ. ಚೆನ್ನಾಗಿದೆ ಅಂತ ತಿಂತೀವಿ, ಕೆಟ್ಟರೆ ಹೇಳ್ತೀವಿ. ಆ ಗೌರವವನ್ನ ಭಟ್ಟರಿಗೆ ಕೊಡೋ ನಾವು ನಟನಿಗೆ ಯಾಕೆ ಕೊಡಬಾರದು? ಎರಡು ತಿಂಗಳು ದುಡಿದ ತಂಡಕ್ಕೂ ಎರಡೇ ವಾರದಲ್ಲಿ ಗೀಚಿ ನಿಲ್ಲಿಸಿದ ತಂಡಕ್ಕೂ ಒಂದೇ ಚಪ್ಪಾಳೆ ಸಿಕ್ಕರೆ, ಮೊದಲನೆಯವರು ಮುಂದಿನ ಸಲ ಯಾಕೆ ಎರಡು ತಿಂಗಳು ಮೈಮುರಿಯಬೇಕು?

ಬೆಂಗಳೂರಿಗೆ ಖಡಕ್ ಪ್ರೇಕ್ಷಕರ ಸಂಪ್ರದಾಯ ಇಲ್ಲ ಅನ್ನೋ ಹಾಗೂ ಇಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವಕ್ಕೆ ಒಮ್ಮೆ ಹೋಗಿಬನ್ನಿ. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರೋದು. ಅಲ್ಲಿ ತೊಡೆ ಮೇಲೆ ತಾಳ ಹಾಕ್ತಾ ಕೂರುವ ಅಜ್ಜ ಅಜ್ಜಿಯರನ್ನ ಗಮನಿಸಿ. ಒಳ್ಳೆ ಸಂಗತಿ ಬಂದಾಗ "ಭಲೇ" ಅಂತಾರೆ, ಎಲ್ಲೋ ಒಂದು ಎಡವಟ್ಟಾದರೆ ಪಕ್ಕದವರ ಮುಖ ನೋಡಿ ಹುಬ್ಬು ಹಾರಿಸ್ತಾರೆ. ಹಾಡುವವರಿಗೂ ಅದು ಗೊತ್ತು. ಅಂಥವರ ಮುಂದೆ ಹುಡುಗಾಟಿಕೆ ನಡೆಯಲ್ಲ.

ಅಷ್ಟೂ ದೂರ ಬೇಡ, ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬನ್ನಿ. ದೊಡ್ಡ ಗಣಪತಿ ಗುಡಿಯ ಮುಂದಿನ ರಸ್ತೆ ಪೂರ್ತಿ ಕಡಲೆಕಾಯಿ ರಾಶಿ. ಯಾರಾದ್ರೂ ಮೊದಲನೇ ರಾಶಿಗೇ ನಿಂತು ದುಡ್ಡು ಕೊಡ್ತಾರಾ? ಒಂದು ಕಾಯಿ ಒಡೆದು ಬಾಯಿಗೆ ಹಾಕ್ಕೋತಾರೆ, ಮುಂದಿನ ರಾಶಿಗೆ ಹೋಗಿ ಅಲ್ಲೂ ಒಂದು, ಆಮೇಲೆ "ಇದು ಜೊಳ್ಳು ಕಣಮ್ಮ, ಆ ಕಡೆದು ಗಟ್ಟಿ ಇದೆ" ಅಂತ ಚೌಕಾಸಿಗೆ ಇಳೀತಾರೆ. ಮಾರೋರಿಗೂ ಇದರಿಂದ ಬೇಜಾರಿಲ್ಲ, ಒಡೆದು ನೋಡಿ ಅಂತ ಅವರೇ ಕೈಗೆ ಕೊಡ್ತಾರೆ. ನಾಟಕ ನೋಡೋಕೆ ಬೇಕಾದ್ದೂ ಈ ಗುಣವೇ. ಜೊಳ್ಳು ಯಾವುದು ಗಟ್ಟಿ ಯಾವುದು ಅಂತ ಒಡೆದು ನೋಡುವ ಗುಣ.

ನಾಟಕದ ಕಡೆಯಿಂದಲೂ ಕೆಲವು ತೊಡಕು ಇವೆ, ಅದನ್ನೂ ಹೇಳಬೇಕು. ಎಷ್ಟೋ ಸಭಾಂಗಣಗಳಲ್ಲಿ ಆರೂವರೆಗೆ ನಾಟಕ ಅಂತ ಕರೆದು ಎಂಟರವರೆಗೂ ಸನ್ಮಾನ ನಡೆಸ್ತಾರೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಆಮೇಲೆ ಅಧ್ಯಕ್ಷರ "ಎರಡೇ ಎರಡು ಮಾತು". ಪರದೆ ಏಳುವ ಹೊತ್ತಿಗೆ ನಮ್ಮ ಕಣ್ಣು ಕೊನೇ ಮೆಟ್ರೋ ಮೇಲೆ. ಟಿಕೆಟ್ ಬೇಡ, ಪಾಸ್ ಇದೆ ಬನ್ನಿ ಅನ್ನೋ ರೂಢಿಯೂ ಒಳ್ಳೇದಲ್ಲ. ಪುಕ್ಕಟೆ ಬಂದವನಿಗೆ ಬೈಯೋಕೆ ಬಾಯಿ ಬರಲ್ಲ. ನನಗೆ ಪಾಸ್ ಬಂದರೂ ಕೌಂಟರಲ್ಲಿ ದುಡ್ಡು ಕೊಟ್ಟೇ ಹೋಗ್ತೀನಿ. ಆಮೇಲೆ ಅಂಜಿಕೆ ಇಲ್ಲದೆ ಮಾತಾಡಬಹುದು ನೋಡಿ.

"ನಂಗೇನ್ರೀ ಗೊತ್ತು ನಾಟಕದ ಬಗ್ಗೆ" ಅನ್ನೋರಿಗೆ ಒಂದು ಸುಲಭ ದಾರಿ. ನಾಟಕ ಮುಗಿದ ಮೇಲೆ ಮೂರೇ ಪ್ರಶ್ನೆ ಕೇಳಿಕೊಳ್ಳಿ. ನಾನು ವಾಚು ನೋಡಿದ್ದು ಯಾವಾಗ? ನಾಳೆ ಬೆಳಿಗ್ಗೆ ಬಸ್ಸಲ್ಲಿ ನೆನಪಾಗೋ ಒಂದು ಗಳಿಗೆ ಯಾವುದು? ನಟ ಮಾತು ನಿಲ್ಲಿಸಿದಾಗಲೂ ನಾನು ಅವನನ್ನೇ ನೋಡ್ತಿದ್ದೆನಾ? ಸೆಟ್ಟು, ಬೆಳಕು, ಶೈಲಿ, ಸಿದ್ಧಾಂತ ಎಲ್ಲಾ ಆಮೇಲೆ ಬರಲಿ. ಮೂರಕ್ಕೆ ಪ್ರಾಮಾಣಿಕವಾಗಿ ಉತ್ತರ ಸಿಕ್ಕರೆ ನಿಮ್ಮ ಹತ್ತಿರ ಒಂದು ವಿಮರ್ಶೆ ಇದೆ ಅಂತಲೇ ಲೆಕ್ಕ.

ಅದನ್ನ ಮನಸ್ಸಲ್ಲೇ ಇಟ್ಟುಕೊಂಡು ಮನೆಗೆ ಹೋಗಬೇಡಿ. ಬಣ್ಣ ಒರೆಸಿಕೊಂಡು ಹೊರಗೆ ಬರೋ ನಟರು ನಿಮ್ಮ ಥರಾನೇ ಮರುದಿನ ಆಫೀಸಿಗೆ ಹೋಗೋರು, ಮಾತಾಡಿಸಿದರೆ ನಿಲ್ತಾರೆ. ಒಮ್ಮೆ ಒಬ್ಬ ಹುಡುಗಿಗೆ, "ಎರಡನೇ ದೃಶ್ಯದಲ್ಲಿ ನೀವು ಪತ್ರ ಓದುವಾಗ ತುಂಬಾ ಚೆನ್ನಾಗಿತ್ತು, ಆದರೆ ಕೊನೇ ಸಾಲು ಹಿಂದಿನ ಸೀಟಿಗೆ ಕೇಳಿಸಲಿಲ್ಲ" ಅಂದೆ. ಬೇಜಾರು ಮಾಡ್ಕೋತಾಳೇನೋ ಅಂದುಕೊಂಡರೆ, "ಹೌದಾ ಸಾರ್? ಎಷ್ಟನೇ ಸಾಲಲ್ಲಿ ಕೂತಿದ್ರಿ?" ಅಂತ ಕೇಳಿ, ಪಕ್ಕದಲ್ಲಿದ್ದ ನಿರ್ದೇಶಕರನ್ನ ಕರೆದು ಅದನ್ನೇ ಇನ್ನೊಂದ್ಸಲ ಹೇಳಿಸಿದಳು. ಅವತ್ತು ಅವಳಿಗೆ ಮೂವತ್ತು ಜನ ಸೂಪರ್ ಅಂದಿರಬಹುದು. ಅವರಲ್ಲಿ ಯಾರನ್ನೂ ಎಲ್ಲಿ ಕೂತಿದ್ರಿ ಅಂತ ಅವಳು ಕೇಳಿರಲಾರಳು.

ಹಾಗಾಗಿ ಈ ಮೂರು ತಿಂಗಳಲ್ಲಿ ಮೂರು ಕನ್ನಡ ನಾಟಕ ನೋಡಿ. ಒಂದು ರಂಗಶಂಕರದಲ್ಲಿ, ಒಂದು ರವೀಂದ್ರ ಕಲಾಕ್ಷೇತ್ರದಲ್ಲೋ ಅದರ ಹಿಂದಿನ ಸಂಸ ಬಯಲು ರಂಗಮಂದಿರದಲ್ಲೋ, ಇನ್ನೊಂದು ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ. ಎರಡನೇದು ಮುಗಿಯುವಷ್ಟರಲ್ಲಿ ಮೊದಲನೇದರ ಬಗ್ಗೆ ಹೇಳೋಕೆ ನಿಮಗೇ ಏನೋ ಹೊಳೆದಿರುತ್ತೆ. ಮೂರನೇದಕ್ಕೆ ಸ್ನೇಹಿತರನ್ನ ಕರ್ಕೊಂಡು ಹೋಗಿ, ಆಮೇಲೆ ಊಟಕ್ಕೆ ಕೂತು ಜಗಳ ಆಡಿ. ಎದ್ದು ನಿಂತು ಚಪ್ಪಾಳೆ ತಟ್ಟಬೇಡಿ ಅಂತ ನಾನು ಹೇಳ್ತಿಲ್ಲ. ನಿಜಕ್ಕೂ ಎದ್ದು ನಿಲ್ಲಿಸುವಂಥ ನಾಟಕ ಬಂದ ದಿನಕ್ಕೆ ಅದನ್ನ ಉಳಿಸಿಕೊಳ್ಳಿ.