ಎದ್ದು ನಿಂತವರ ಆಟ

ಕುರ್ಚಿ, ಮೇಜು, ಮುಳ್ಳುತಂತಿಗಳೂ ಆಯುಧವಾಗುವ ಹಾರ್ಡ್‌ಕೋರ್ ರೆಸ್ಲಿಂಗ್ ಮಾತು ಬಂದರೆ ಸಾಕು, ಅಭಿಮಾನಿಗಳು ಮೊಬೈಲ್ ತೆಗೆದು ತೋರಿಸುವುದು ಒಂದೇ ತುಣುಕನ್ನು. 1998ರ ಜೂನ್ 28, ಅಮೆರಿಕದ ಪಿಟ್ಸ್‌ಬರ್ಗ್. ರಿಂಗಿನ ಸುತ್ತ ತಂತಿಬಲೆಯ ಪಂಜರ, ಪಂಜರದ ನೆತ್ತಿಯ ಮೇಲೆ ಇಬ್ಬರು. ಅಂಡರ್‌ಟೇಕರ್ ಎದುರಾಳಿ ಮ್ಯಾನ್‌ಕೈಂಡ್‌ನನ್ನು ಹಿಡಿದು ಸುಮಾರು ಹದಿನಾರು ಅಡಿ ಎತ್ತರದಿಂದ ಎಸೆಯುತ್ತಾನೆ. ಕೆಳಗೆ ವೀಕ್ಷಕ ವಿವರಣೆಗಾರರ ಮೇಜು ಪುಡಿಯಾಗುತ್ತದೆ. ತುಣುಕು ಅಲ್ಲಿಗೆ ಮುಗಿಯುತ್ತದೆ.

ಪಂದ್ಯ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಮ್ಯಾನ್‌ಕೈಂಡ್ ವೇಷದಲ್ಲಿದ್ದ ಮಿಕ್ ಫೋಲಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಒಯ್ಯುತ್ತಾರೆ. ಅರ್ಧ ದಾರಿಯಲ್ಲಿ ಅವನು ಎದ್ದು, ತಿರುಗಿ ಬಂದು, ಮತ್ತೆ ಪಂಜರ ಹತ್ತುತ್ತಾನೆ. ಎರಡನೆಯ ಸಲ ಅವನನ್ನು ಎತ್ತಿ ಕುಕ್ಕಿದಾಗ ಪಂಜರದ ಸೂರೇ ಕಿತ್ತುಹೋಗುತ್ತದೆ. ಇದು ಯಾರ ಯೋಜನೆಯಲ್ಲೂ ಇರಲಿಲ್ಲ. ಅವನು ನೇರ ರಿಂಗಿನೊಳಕ್ಕೆ ಬೀಳುತ್ತಾನೆ, ಹಿಂದೆಯೇ ಬಂದ ಕಬ್ಬಿಣದ ಕುರ್ಚಿ ಮುಖಕ್ಕೆ ಬಡಿಯುತ್ತದೆ, ಹಲ್ಲು ಮುರಿಯುತ್ತದೆ. ಆಗ ರಿಂಗಿಗೆ ಬಂದವನು ಫೋಲಿಯ ಹಿರಿಯ ಗೆಳೆಯ ಟೆರಿ ಫಂಕ್. ಎರಡು ದಿನ ಕಳೆದರೆ ಅವನಿಗೆ 54 ತುಂಬುತ್ತಿತ್ತು. ಬಂದು ತಾನೇ ಅಂಡರ್‌ಟೇಕರ್‌ಗೆ ಎದುರಾಗಿ, ಕಾಲಿನ ಬೂಟು ಕಳಚಿ ಬೀಳುವಷ್ಟು ಬಿರುಸಾಗಿ ಕುಕ್ಕಿಸಿಕೊಂಡ. ಆ ಒಂದು ಪೆಟ್ಟಿನಿಂದ ಅವನು ಗಳಿಸಿದ್ದು ಸಮಯ. ಗೆಳೆಯನಿಗೆ ಉಸಿರು ತಿರುಗಲು ಬೇಕಾದಷ್ಟು ಸಮಯ.

ಇಪ್ಪತ್ತು ಸೆಕೆಂಡಿನ ತುಣುಕಿನಲ್ಲಿ ಇದೊಂದೂ ಇಲ್ಲ. ಹಾರ್ಡ್‌ಕೋರ್ ಕುರಿತ ನನ್ನ ತಕರಾರೂ ಇಲ್ಲಿಂದಲೇ ಶುರು. ಅಭಿಮಾನಿಗಳು ಈ ಆಟಕ್ಕೆ ಕೊಟ್ಟಿರುವ ಪಟ್ಟ ದೊಡ್ಡದು: ಅತ್ಯಂತ ನಿಜವಾದ ಕುಸ್ತಿ, ಅತ್ಯಂತ ಧೈರ್ಯದ ಕುಸ್ತಿ. ಅದನ್ನು ಹೀಗಳೆಯುವವರ ಮಾತೂ ಅಷ್ಟೇ ಖಡಾಖಂಡಿತ: ಪಟ್ಟು ಬಾರದವನು ಕುರ್ಚಿ ಎತ್ತುತ್ತಾನೆ. ಮೂವತ್ತು ವರ್ಷ ಈ ಆಟ ನೋಡಿದ ಮೇಲೆ ನನಗೆ ಎರಡೂ ಸರಿ ಕಾಣುವುದಿಲ್ಲ. ಇದರಲ್ಲಿ ಹೆಸರಿಗೆ ತಕ್ಕ ಪಂದ್ಯಗಳು ಬೆರಳೆಣಿಕೆಯಷ್ಟು. ಅವು ದೊಡ್ಡವಾದದ್ದು ಬಿದ್ದವನು ಎದ್ದ ರೀತಿಯಿಂದ.

ನಮ್ಮಲ್ಲಿ ಕೇಬಲ್ ಟಿವಿ ಹೊಸದಾಗಿ ಬಂದ ಕಾಲದಲ್ಲಿ ಶಾಲೆ ಕಲಿತವರಿಗೆ ಡಬ್ಲ್ಯುಡಬ್ಲ್ಯುಎಫ್ ಕಾರ್ಡುಗಳು ನೆನಪಿರುತ್ತವೆ. ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕು. ಅಂಡರ್‌ಟೇಕರ್‌ಗೆ ಏಳು ಜನ್ಮ ಎಂದು ನಾವೆಲ್ಲ ಆಣೆ ಮಾಡಿ ಹೇಳುತ್ತಿದ್ದೆವು. ಮನೆಯ ಹಿರಿಯರು ಪಕ್ಕದಲ್ಲೇ ಕೂತು "ಅದೆಲ್ಲ ಡ್ರಾಮಾ ಕಣೋ" ಅನ್ನುತ್ತಿದ್ದರು. ಡ್ರಾಮಾ ಎಂಬುದು ನಿಜ. ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತಿರುತ್ತದೆ. ಹಣೆಯಿಂದ ಇಳಿಯುವ ರಕ್ತ ಕೂಡ ಹೆಚ್ಚಿನ ಸಲ ಆಟಗಾರನೇ ಬೆರಳ ಪಟ್ಟಿಯಲ್ಲೋ ಮಣಿಕಟ್ಟಿನಲ್ಲೋ ಬಚ್ಚಿಟ್ಟ ಬ್ಲೇಡಿನ ಚೂರಿನಿಂದ ಗೀರಿಕೊಂಡದ್ದು. ಆದರೆ ರಕ್ತ ನಿಜವಾದ ರಕ್ತವೇ, ಗೀರು ನಿಜವಾದ ಗೀರೇ. ಫಂಕ್‌ನಂಥವರ ಹಣೆ ನೋಡಿದರೆ ತಿಳಿಯುತ್ತದೆ, ಉತ್ತ ಹೊಲದಂತೆ ಸಾಲು ಸಾಲು ಕಲೆ.

ಪಟ್ಟು ಬಾರದವರ ಆಟ ಎನ್ನುವವರು ಇದನ್ನು ಕಟ್ಟಿದವರ ಹಿನ್ನೆಲೆ ನೋಡಬೇಕು. ಟೆಕ್ಸಸ್‌ನ ಅಮರಿಲ್ಲೊದಲ್ಲಿ ಕುಸ್ತಿಯ ಮನೆತನದಲ್ಲಿ ಬೆಳೆದ ಟೆರಿ ಫಂಕ್, 1975ರ ಡಿಸೆಂಬರ್‌ನಲ್ಲಿ ಜಾಕ್ ಬ್ರಿಸ್ಕೊನನ್ನು ಸೋಲಿಸಿ ಎನ್‌ಡಬ್ಲ್ಯುಎ ವಿಶ್ವ ಚಾಂಪಿಯನ್ ಆದವನು. ಅದು ಅಚ್ಚುಕಟ್ಟಾದ ಪಟ್ಟುಗಳ ಕಾಲ. ಊರೂರು ತಿರುಗಿ ಪ್ರತಿ ರಾತ್ರಿ ಬೇರೆ ಬೇರೆ ಎದುರಾಳಿಯ ಜತೆ ದೀರ್ಘ ಪಂದ್ಯ ಆಡಬಲ್ಲವನಿಗೆ ಮಾತ್ರ ಆ ಬೆಲ್ಟು ಸಿಗುತ್ತಿತ್ತು. ಜಪಾನಿನ ಅತ್ಸುಷಿ ಒನಿತಾ ಕೂಡ ಆಲ್ ಜಪಾನ್ ಸಂಸ್ಥೆಯಲ್ಲಿ ಹಗುರ ತೂಕದ ಚುರುಕಿನ ಆಟಗಾರನಾಗಿದ್ದ. ಮೊಣಕಾಲು ಮುರಿದು ಆಟ ಬಿಡಬೇಕಾಯಿತು. 1989ರಲ್ಲಿ ಎಫ್‌ಎಂಡಬ್ಲ್ಯು ಎಂಬ ಸ್ವಂತ ಸಂಸ್ಥೆ ಕಟ್ಟಿದಾಗ, ಹಾರಲಾಗದ ಕಾಲು ಇಟ್ಟುಕೊಂಡು ಜನರನ್ನು ಹಿಡಿದಿಡುವ ದಾರಿ ಹುಡುಕಿದ. ರಿಂಗಿನ ಹಗ್ಗ ಬಿಚ್ಚಿ ಮುಳ್ಳುತಂತಿ ಬಿಗಿದ, ತಂತಿಗೆ ತಾಗಿದರೆ ಸಿಡಿಯುವ ಮದ್ದು ಕಟ್ಟಿದ. ಆ ಬಗೆಯ ಮೊದಲ ಪಂದ್ಯ ನಡೆದದ್ದು 1990ರ ಆಗಸ್ಟ್ 4ರಂದು, ಎದುರಾಳಿ ಟಾರ್ಜನ್ ಗೋಟೊ.

ಒನಿತಾನ ಪಂದ್ಯಗಳಲ್ಲಿ ನನ್ನ ಆಯ್ಕೆ ಅದಲ್ಲ. 1993ರ ಮೇ 5ರಂದು ಕವಾಸಾಕಿ ಕ್ರೀಡಾಂಗಣದಲ್ಲಿ ಅವನು ಫಂಕ್ ಜತೆ ಆಡಿದ್ದು. ನಿಗದಿತ ಹೊತ್ತು ಮುಗಿದರೆ ಇಡೀ ರಿಂಗೇ ಸಿಡಿಯುತ್ತದೆ ಎಂಬುದು ಪಂದ್ಯದ ಷರತ್ತು. ಒನಿತಾ ಗೆದ್ದ, ರಿಂಗಿನಿಂದ ಹೊರಬಿದ್ದ. ಗಡಿಯಾರ ಓಡುತ್ತಲೇ ಇತ್ತು, ಫಂಕ್ ಒಳಗೆ ಪ್ರಜ್ಞೆ ತಪ್ಪಿದಂತೆ ಬಿದ್ದಿದ್ದ. ಆಗ ಒನಿತಾ ತಿರುಗಿ ಒಳಹೊಕ್ಕು, ಅವನನ್ನು ಎಬ್ಬಿಸಲು ನೋಡಿ, ಆಗದೆ, ಮದ್ದು ಸಿಡಿಯುವ ಹೊತ್ತಿಗೆ ತನ್ನ ಮೈಯನ್ನೇ ಅವನ ಮೇಲೆ ಹೊದಿಸಿದ. ಸೋಲಿಸಿದವನೇ ಸೋತವನಿಗೆ ಅಡ್ಡ ಮಲಗಿದ ಆ ಗಳಿಗೆಗಾಗಿ ಉಳಿದ ಹೊಗೆ, ಬೆಂಕಿ, ಸದ್ದು ಎಲ್ಲವನ್ನೂ ನಾನು ಒಪ್ಪುತ್ತೇನೆ. ಕಥೆ ಇಲ್ಲದಿದ್ದರೆ ಅಲ್ಲಿ ಉಳಿಯುತ್ತಿದ್ದದ್ದು ಪಟಾಕಿ ಮಾತ್ರ.

ಆಯುಧಗಳ ವಿಷಯವನ್ನೂ ಸ್ವಲ್ಪ ಹೇಳಬೇಕು. ನೋಡಲು ಭಯಂಕರವಾದದ್ದೆಲ್ಲ ಹೆಚ್ಚು ಅಪಾಯದ್ದಲ್ಲ. ಕಸದ ಡಬ್ಬಿಯ ಮುಚ್ಚಳ ತೆಳುವಾದ ತಗಡು, ಸದ್ದೇ ಅದರ ಕೆಲಸ. ಮೇಜು ಒಡೆಯಲೆಂದೇ ತಂದದ್ದು. ಅದು ಒಡೆದಾಗ ಬಿದ್ದ ರಭಸವನ್ನು ಅಷ್ಟಿಷ್ಟು ತಾನು ನುಂಗುತ್ತದೆ, ಒಡೆಯದೆ ನಿಂತಾಗಲೇ ಬೆನ್ನಿಗೆ ಕಷ್ಟ. ಬೆತ್ತ ಬಾಸುಂಡೆ ಎಬ್ಬಿಸುತ್ತದೆ, ಎಲುಬು ಮುರಿಯುವುದಿಲ್ಲ. ಡ್ರಾಯಿಂಗ್ ಪಿನ್ನುಗಳು ನಿಜಕ್ಕೂ ಚುಚ್ಚುತ್ತವೆ, ಆದರೆ ಆಳಕ್ಕೆ ಹೋಗವು. ಟ್ಯೂಬ್‌ಲೈಟ್ ಮೈಮೇಲೆ ಒಡೆದಾಗ ಗುಂಡು ಹಾರಿದ ಸದ್ದು, ಬಿಳಿ ಹೊಗೆ. ಅದರ ಗಾಜು ಎಲ್ಲಿ ಸೀಳುತ್ತದೆಂದು ಯಾರ ಕೈಯಲ್ಲೂ ಇಲ್ಲ, ಹಾಗಾಗಿ ನನಗೆ ಅದು ಎಂದೂ ಹಿಡಿಸಿಲ್ಲ. ಏಣಿ ಸುಲಭಕ್ಕೆ ಬಗ್ಗುವುದಿಲ್ಲ, ಬಿದ್ದವನೇ ಬಗ್ಗಬೇಕು. ಮಡಚುವ ಕುರ್ಚಿಯನ್ನು ಅಂಚಿನಿಂದ ಬೀಸದೆ ಕೂರುವ ಚಪ್ಪಟೆ ಭಾಗದಿಂದ ಬೆನ್ನಿಗೆ ಹೊಡೆದರೆ ಸದ್ದು ದೊಡ್ಡದು, ನೋವು ತಡೆದುಕೊಳ್ಳುವಷ್ಟು. ಅದೇ ಕುರ್ಚಿ ಕೈ ಅಡ್ಡವಿಲ್ಲದ ತಲೆಗೆ ಬಿದ್ದರೆ ಲೆಕ್ಕವೇ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಫಿಲಡೆಲ್ಫಿಯಾದ ದಕ್ಷಿಣ ಭಾಗದಲ್ಲಿ ಬಿಂಗೊ ಆಡುತ್ತಿದ್ದ ಒಂದು ಹಾಲ್ ಇತ್ತು. ಇಸಿಡಬ್ಲ್ಯು ಸಂಸ್ಥೆಯ ಮನೆ ಅದು. 1994ರ ಆಗಸ್ಟ್ 27ರಂದು ಶೇನ್ ಡಗ್ಲಸ್ ತಾನು ಆಗಷ್ಟೇ ಗೆದ್ದ ಎನ್‌ಡಬ್ಲ್ಯುಎ ಬೆಲ್ಟನ್ನು ಅಲ್ಲಿ ನೆಲಕ್ಕೆಸೆದ. ಅಲ್ಲಿಂದಾಚೆ ಸಂಸ್ಥೆಯ ಹೆಸರಿನಲ್ಲಿದ್ದ 'ಈಸ್ಟರ್ನ್' ಹೋಗಿ 'ಎಕ್ಸ್‌ಟ್ರೀಮ್' ಬಂತು. ಪ್ರೇಕ್ಷಕರು ಮನೆಯಿಂದ ಬಾಣಲೆ ತಂದು ಆಟಗಾರರ ಕೈಗೆ ಕೊಡುತ್ತಿದ್ದರು. ಫೋಲಿ ಮತ್ತು ಫಂಕ್ ಒಂದು ಕುರ್ಚಿ ಕೇಳಿದ್ದಕ್ಕೆ ಹಾಲ್‌ನ ಕುರ್ಚಿಗಳೆಲ್ಲ ರಿಂಗಿಗೆ ತೂರಿಬಂದು ಎದುರಾಳಿಗಳು ರಾಶಿಯಡಿ ಹೂತುಹೋದ ರಾತ್ರಿಯೂ ಅಲ್ಲಿನದೇ. ಹಾರ್ಡ್‌ಕೋರ್‌ಗೆ ಕಾಶಿ ಎಂದು ಅಭಿಮಾನಿಗಳು ಹೇಳುವ ಜಾಗ.

ಆ ಕಾಶಿಯಲ್ಲಿ ಜನ ಅತ್ತದ್ದು ಯಾವ ಪಂದ್ಯಕ್ಕೆ? 1995ರ ಆಗಸ್ಟ್ 26ರಂದು ಎಡ್ಡಿ ಗೆರೆರೊ ಮತ್ತು ಡೀನ್ ಮಲೆಂಕೊ ಸಂಸ್ಥೆ ಬಿಡುವ ಮುನ್ನ ಅಲ್ಲಿ ಕೊನೆಯ ಬಾರಿ ಎದುರಾದರು. ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯ. ಪಟ್ಟಿಗೆ ಪಟ್ಟು, ಬಿಡಿಸುವುದಕ್ಕೆ ಮರುಪಟ್ಟು. ಮುಗಿದಾಗ ರಕ್ತಕ್ಕೆ ಹಸಿದವರೆಂದು ಹೆಸರಾದ ಅದೇ ಜನ ಎದ್ದು ನಿಂತು, ದಯವಿಟ್ಟು ಹೋಗಬೇಡಿ ಎಂದು ಒಕ್ಕೊರಲಿನಿಂದ ಕೂಗಿದರು. ರಿಂಗಿನಲ್ಲಿ ಇಬ್ಬರ ಕಣ್ಣೂ ಒದ್ದೆ. ಪಾಲ್ ಹೇಮನ್ ಎಂಬ ಸೂತ್ರಧಾರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮುಳ್ಳುತಂತಿಯ ಪಂದ್ಯದ ರಾತ್ರಿಯಲ್ಲೇ ರೇ ಮಿಸ್ಟೀರಿಯೊನಂಥ ಹಗುರ ಮೈಯ ಹಾರುವವರಿಗೂ ಜಾಗ ಕೊಡುತ್ತಿದ್ದ. ಒಂದರ ಪಕ್ಕ ಇನ್ನೊಂದು ಇದ್ದದ್ದಕ್ಕೇ ಎರಡಕ್ಕೂ ಬೆಲೆ ಬಂದದ್ದು. ಇಸಿಡಬ್ಲ್ಯು 2001ರಲ್ಲಿ ದಿವಾಳಿಯಾಯಿತು. ಅದರ ಹೆಸರು ಹೊತ್ತು ಹೊರಟವರಲ್ಲಿ ಹಲವರು ಎತ್ತಿಕೊಂಡದ್ದು ಬಾಣಲೆಯನ್ನು ಮಾತ್ರ, ಆ ಹದವನ್ನಲ್ಲ.

ದೊಡ್ಡ ಕಂಪನಿಯ ಕೈಗೆ ಸಿಕ್ಕಾಗ ಆದದ್ದು ಇನ್ನೊಂದು ಬಗೆಯ ಹಾನಿ. 1998ರ ನವೆಂಬರ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ ಹಾರ್ಡ್‌ಕೋರ್ ಚಾಂಪಿಯನ್ ಪಟ್ಟ ಹುಟ್ಟುಹಾಕಿ, ಒಡೆದ ಹಳೆ ಬೆಲ್ಟಿಗೆ ಟೇಪು ಸುತ್ತಿ ಮ್ಯಾನ್‌ಕೈಂಡ್‌ಗೆ ಕೊಟ್ಟಿತು. ಆಮೇಲೆ ಎಲ್ಲಿ ಬೇಕಾದರೂ ಯಾವ ಹೊತ್ತಿನಲ್ಲಾದರೂ ಬೆಲ್ಟು ಗೆಲ್ಲಬಹುದೆಂಬ ನಿಯಮ ಬಂತು. 2002ರ ಆಗಸ್ಟ್‌ನಲ್ಲಿ ಪಟ್ಟವನ್ನು ಮುಚ್ಚುವ ಹೊತ್ತಿಗೆ ಅದು ಇನ್ನೂರಕ್ಕೂ ಹೆಚ್ಚು ಸಲ ಕೈಬದಲಾಗಿತ್ತು. ಅಷ್ಟು ಸಲ ಗೆದ್ದದ್ದರಲ್ಲಿ ಒಂದು ಗೆಲುವಾದರೂ ನಿಮಗೆ ನೆನಪಿದೆಯೇ? ಪ್ರತಿ ವಾರ ಕುರ್ಚಿ, ಪ್ರತಿ ವಾರ ಮೇಜು. ಊಟಕ್ಕೆ ಉಪ್ಪಿನಕಾಯಿ ಬೇಕು, ಉಪ್ಪಿನಕಾಯಿಯನ್ನೇ ಬಟ್ಟಲು ತುಂಬ ಬಡಿಸಿದರೆ ನಾಲಿಗೆ ಸತ್ತುಹೋಗುತ್ತದೆ.

ರಕ್ತದ ಬೆಲೆ ನಮ್ಮವರಿಗೆ ಗೊತ್ತಿರುವುದೇ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನೆಗಳಿರುವ ವಜ್ರಮುಷ್ಟಿಯನ್ನು ಬೆರಳಿಗೆ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಒಂದು ಹನಿಯೇ ತೀರ್ಪು, ಆದ್ದರಿಂದ ಅಲ್ಲಿ ನೆರೆದವರೆಲ್ಲ ಆ ಒಂದು ಹನಿಗೆ ಉಸಿರು ಬಿಗಿಹಿಡಿದಿರುತ್ತಾರೆ. ಹಾರ್ಡ್‌ಕೋರ್‌ನ ಅತಿ ರಕ್ತಮಯ ಬಗೆಯಾದ ಇಂದಿನ ಡೆತ್‌ಮ್ಯಾಚ್‌ಗಳಲ್ಲಿ ಎರಡನೆಯ ನಿಮಿಷಕ್ಕೇ ಇಬ್ಬರೂ ಅಡಿಯಿಂದ ಮುಡಿಯವರೆಗೆ ಕೆಂಪು. ಉಳಿದ ಹದಿನೈದು ನಿಮಿಷ ಯಾರು ಸೋಲುತ್ತಿದ್ದಾರೆಂದು ನೋಡುವವನಿಗೆ ತಿಳಿಯುವುದೇ ಇಲ್ಲ.

ಇನ್ನು ಅಪಾಯ. ಅಭಿಮಾನಿಗಳಿಗೂ ಟೀಕಾಕಾರರಿಗೂ ಹಾರ್ಡ್‌ಕೋರ್ ಎಂದರೆ ಸಾವಿಗೆ ಸಮೀಪದ ಆಟ. ದಾಖಲೆ ಬೇರೆ ಮಾತು ಹೇಳುತ್ತದೆ. 1997ರಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ಸಮ್ಮರ್‌ಸ್ಲ್ಯಾಮ್‌ನಲ್ಲಿ ಆಟಗಾರ ಸ್ಟೀವ್ ಆಸ್ಟಿನ್‌ನ ಕತ್ತಿಗೆ ಏಟಾದದ್ದು ತಲೆಕೆಳಗಾಗಿ ಹಿಡಿದು ಕುಕ್ಕುವ ಪೈಲ್‌ಡ್ರೈವರ್ ಎಂಬ ಮಾಮೂಲಿ ಪಟ್ಟಿನಿಂದ. ಮುಳ್ಳುತಂತಿ, ಸ್ಫೋಟಗಳ ನಡುವೆ ಬೆಳೆದ ಎಫ್‌ಎಂಡಬ್ಲ್ಯುವಿನ ಹಯಾಬುಸಾ 2001ರ ಅಕ್ಟೋಬರ್‌ನಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡದ್ದು ಹಗ್ಗದ ಮೇಲಿಂದ ಹಿಮ್ಮುಖ ಲಾಗ ಹೊಡೆಯುವಾಗ ಕಾಲು ಜಾರಿ. ಮಿತ್ಸುಹಾರು ಮಿಸಾವಾ, ಜಪಾನಿನ ಅಚ್ಚ ಕುಸ್ತಿಯ ಮಹಾನ್ ಆಟಗಾರ, 2009ರ ಜೂನ್ 13ರಂದು ಹಿರೋಷಿಮಾದ ಪಂದ್ಯದಲ್ಲಿ ಬೆನ್ನ ಹಿಂದಿನಿಂದ ಎತ್ತಿ ಎಸೆದ ಒಂದು ಸಪ್ಲೆಕ್ಸ್ ನಂತರ ಏಳಲೇ ಇಲ್ಲ. ಕುತ್ತಿಗೆಗೆ ಮುಳ್ಳುತಂತಿಗಿಂತ ಚಾಪೆಯೇ ಹೆಚ್ಚು ಅಪಾಯ.

ಒಂದನ್ನು ಮಾತ್ರ ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ, ಅದು ತಲೆಗೆ ಬೀಳುವ ಕುರ್ಚಿ. 1999ರ ಜನವರಿಯಲ್ಲಿ ಅನಾಹೈಮ್‌ನಲ್ಲಿ ನಡೆದ ಡಬ್ಲ್ಯುಡಬ್ಲ್ಯುಎಫ್‌ನ ರಾಯಲ್ ರಂಬಲ್‌ನಲ್ಲಿ ಫೋಲಿಯ ಎರಡೂ ಕೈಗೆ ಬೆನ್ನ ಹಿಂದೆ ಬೇಡಿ ಹಾಕಿ, ಎದುರಾಳಿ ದಿ ರಾಕ್ ತಲೆಗೆ ಕುರ್ಚಿಯಿಂದ ಒಂದಾದ ಮೇಲೊಂದು ಏಟು ಹೊಡೆದ. ಹನ್ನೊಂದರ ಲೆಕ್ಕ. ಮುಂದಿನ ಸಾಲಿನಲ್ಲಿ ಫೋಲಿಯ ಹೆಂಡತಿ, ಇಬ್ಬರು ಪುಟ್ಟ ಮಕ್ಕಳು ಕೂತಿದ್ದರು. ಅವರ ಅಳು 'ಬಿಯಾಂಡ್ ದ ಮ್ಯಾಟ್' ಎಂಬ ಸಾಕ್ಷ್ಯಚಿತ್ರದಲ್ಲಿ ಉಳಿದಿದೆ. ಕೈ ಅಡ್ಡ ತರಲಾಗದವನನ್ನು ಹೊಡೆಯುವುದರಲ್ಲಿ ಆಟದ ಕಲೆ ಎಲ್ಲಿದೆ? ಎದುರಾಳಿಯ ಮೈಯನ್ನು ಕಾಯುವುದು ಈ ವೃತ್ತಿಯ ಮೊದಲ ಪಾಠ. ಆ ರಾತ್ರಿ ಅದು ಮರೆತುಹೋಗಿತ್ತು. 2007ರಲ್ಲಿ ಇನ್ನೊಬ್ಬ ಆಟಗಾರ ಕ್ರಿಸ್ ಬೆನ್ವಾ ಹೆಂಡತಿ ಮತ್ತು ಮಗನನ್ನು ಕೊಂದು ತಾನೂ ಸತ್ತ ಮೇಲೆ ವೈದ್ಯರು ಅವನ ಮೆದುಳನ್ನು ಪರೀಕ್ಷಿಸಿದರು. ಪದೇ ಪದೇ ತಲೆಗೆ ಪೆಟ್ಟು ತಿಂದವರಲ್ಲಿ ಕಾಣುವ ಹಾನಿ ಅದರಲ್ಲಿ ಕಂಡಿತು. 2010ರಲ್ಲಿ ಡಬ್ಲ್ಯುಡಬ್ಲ್ಯುಇ (ಹಿಂದಿನ ಡಬ್ಲ್ಯುಡಬ್ಲ್ಯುಎಫ್) ತಲೆಗೆ ಕುರ್ಚಿ ಬೀಸುವುದನ್ನು ನಿಷೇಧಿಸಿತು. ಆಟ ಮೊದಲಿನಷ್ಟು ಗಟ್ಟಿ ಉಳಿದಿಲ್ಲ ಎಂದು ಇದಕ್ಕೆ ಈಗಲೂ ಹಲುಬುವ ಅಭಿಮಾನಿಗಳಿದ್ದಾರೆ. ಅವರ ಜತೆ ನನಗೆ ರಾಜಿ ಇಲ್ಲ.

ಹಾಗಾದರೆ ಹೆಸರಿಗೆ ತಕ್ಕದ್ದು ಯಾವುದು? ನನ್ನ ಪಟ್ಟಿಯ ತುದಿಯಲ್ಲಿರುವುದು 1997ರ ಏಪ್ರಿಲ್ 13ರ ರಾತ್ರಿ, ಇಸಿಡಬ್ಲ್ಯುವಿನ ಮೊಟ್ಟಮೊದಲ ಪೇ-ಪರ್-ವ್ಯೂ (ಹಣ ಕೊಟ್ಟು ನೋಡುವ ಟಿವಿ ಪ್ರದರ್ಶನ), 'ಬೇರ್ಲಿ ಲೀಗಲ್'. ಅದೇ ಬಿಂಗೊ ಹಾಲ್. ಫಂಕ್‌ಗೆ 52. ಮೊದಲು ಸ್ಯಾಂಡ್‌ಮನ್ ಮತ್ತು ಸ್ಟೀವಿ ರಿಚರ್ಡ್ಸ್ ಜತೆ ಮೂವರ ಪಂದ್ಯ ಗೆಲ್ಲಬೇಕು, ಗೆದ್ದ ಉಸಿರಲ್ಲೇ ಚಾಂಪಿಯನ್ ರೇವನ್‌ಗೆ ಎದುರಾಗಬೇಕು. ಏಣಿ ಇತ್ತು, ಕಸದ ಡಬ್ಬಿ ಇತ್ತು, ರಕ್ತವೂ ಇತ್ತು. ಆದರೆ ನೀವು ನೋಡುವುದು ಅವನ ಮೊಣಕಾಲುಗಳನ್ನು: ಪ್ರತಿ ಸಲ ಏಳುವಾಗ ಅವು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ, ಹಗ್ಗಕ್ಕೆ ಕೈ ಎಷ್ಟು ಬಾರಿ ತಡಕಾಡುತ್ತದೆ. ಆ ತಡಬಡಿಕೆಯಲ್ಲಿ ನಟನೆ ಎಷ್ಟು, ನಿಜವಾದ ವಯಸ್ಸೆಷ್ಟು ಎಂದು ಬಿಡಿಸಲಾಗುವುದಿಲ್ಲ. ಈ ಆಟ ಮುಟ್ಟಬಹುದಾದ ಎತ್ತರ ಅದು. ಅವನು ಗೆದ್ದಾಗ ಹಾಲ್‌ನಲ್ಲಿದ್ದವರು ಸ್ವಂತ ಅಪ್ಪನೇ ಗೆದ್ದಂತೆ ಕುಣಿದರು.

ಫಂಕ್ 2023ರ ಆಗಸ್ಟ್ 23ರಂದು ತೀರಿಕೊಂಡ. ಹಾರ್ಡ್‌ಕೋರ್ ಎಂದರೇನೆಂದು ತಿಳಿಯಬೇಕೆಂದಿರುವವರು ಮೊದಲು 'ಬೇರ್ಲಿ ಲೀಗಲ್' ನೋಡಿ, ಪಿಟ್ಸ್‌ಬರ್ಗ್ ಪಂದ್ಯವನ್ನು ತುಣುಕಾಗಿ ನೋಡದೆ ಪೂರ್ತಿ ನೋಡಿ. ಅನಾಹೈಮ್‌ನದನ್ನು ಮಕ್ಕಳಿಗೆ ತೋರಿಸಬೇಡಿ.