ಯಜಮಾನನೇ ಸಹೋದರನಾದಾಗ

ಆದಿ ಕ್ರೈಸ್ತರು ದಾಸರಿಗೆ ಏನು ಬೋಧಿಸಿದರು ಎಂಬ ಚರ್ಚೆಯಲ್ಲಿ ಫಿಲೆಮೋನನಿಗೆ ಬರೆದ ಪತ್ರಿಕೆಗೇ ಮೊದಲ ಮಣೆ. ಫಿಲೆಮೋನನ ದಾಸ ಒನೇಸಿಮನ ಪರವಾಗಿ ಪೌಲ ಮಾಡಿದ ಶಿಫಾರಸಿನಲ್ಲಿ ದಾಸ್ಯವಿಮೋಚನೆಯ ಬೀಜ ಕಂಡವರಿದ್ದಾರೆ. ಪತ್ರ ಸೊಗಸಾಗಿದೆ, ಒಪ್ಪೋಣ. ಆದರೆ ಅದು ಒಬ್ಬ ದಾಸನ ವಿಷಯ. ಎಲ್ಲ ದಾಸರಿಗೂ ಹೇಳಿದ್ದೇನು ಎಂದು ತಿಳಿಯಲು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 6ನೇ ಅಧ್ಯಾಯಕ್ಕೆ ಬರಬೇಕು. ಅಲ್ಲಿನ ಮೊದಲೆರಡು ವಚನಗಳಷ್ಟೇ ಸಾಕು.

ಒಡೆಯರಿಗೆ ದಾಸರು ಪೂರ್ಣ ಮರ್ಯಾದೆ ಸಲ್ಲಿಸಬೇಕು ಎನ್ನುತ್ತದೆ ಮೊದಲ ವಚನ. ಯಾಕೆ? ಒಡೆಯ ಯೋಗ್ಯನೆಂದಲ್ಲ, ದಾಸ್ಯ ದೇವರ ಕಟ್ಟಳೆಯೆಂದೂ ಅಲ್ಲ; ದೇವರ ಹೆಸರಿಗೂ ಬೋಧನೆಗೂ ನಿಂದೆ ಬರಬಾರದೆಂದು. ಊರ ಬಾಯಿಗೆ ಹೆದರಿದ ಮಾತಿದು. ಯಾರಿಗೆ ಮಾನವೇ ಇಲ್ಲವೆಂದು ರೋಮನ್ ಕಾನೂನು ಎಣಿಸಿತ್ತೋ ಅವರ ಹೆಗಲಿಗೇ ಸಭೆಯ ಮಾನ ಕಾಯುವ ಹೊಣೆ!

ಎರಡನೆಯ ವಚನ ಇನ್ನೂ ಜಾಣತನದ್ದು. ಒಡೆಯನೂ ವಿಶ್ವಾಸಿಯಾಗಿದ್ದರೆ, ಸಹೋದರನಲ್ಲವೇ ಎಂದು ಅವನನ್ನು ತಾತ್ಸಾರ ಮಾಡಬಾರದಂತೆ; ಸೇವೆಯ ಫಲ ಪ್ರಿಯನಾದವನಿಗೇ ಸಲ್ಲುವುದರಿಂದ ಇನ್ನೂ ಚೆನ್ನಾಗಿ ದುಡಿಯಬೇಕಂತೆ. ಯಾರೂ ಮಾಡದ ತಪ್ಪನ್ನು ಯಾರೂ ನಿಷೇಧಿಸುವುದಿಲ್ಲ. ಸಭೆಯಲ್ಲಿ ನನ್ನೊಡನೆ ಒಂದೇ ರೊಟ್ಟಿ ಮುರಿದವನು ಮನೆಗೆ ಬಂದೊಡನೆ ಹೇಗೆ ಒಡೆಯನಾಗುತ್ತಾನೆ ಎಂದು ಕೆಲವು ದಾಸರಾದರೂ ಕೇಳಿರಲೇಬೇಕು. ಪತ್ರಿಕೆ ಆ ಪ್ರಶ್ನೆಯನ್ನು ಅಲ್ಲಗಳೆಯುವುದಿಲ್ಲ. ಸಹೋದರತ್ವವನ್ನು ಒಪ್ಪಿಕೊಂಡೇ ಅದನ್ನು ಹೆಚ್ಚಿನ ದುಡಿಮೆಗೆ ಕಾರಣವಾಗಿ ತಿರುಗಿಸುತ್ತದೆ. ಎಫೆಸ ಮತ್ತು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಗಳಲ್ಲಿ ಯಜಮಾನರಿಗೂ ಒಂದಿಷ್ಟು ಬುದ್ಧಿಮಾತಿದೆ. ಇಲ್ಲಿ ಅದೂ ಇಲ್ಲ.

ಇಂಥ ಬೋಧನೆಯ ಹಿಂದೆ ಸಣ್ಣ ಸಭೆಗಳಿಗೆ ಅಧಿಕಾರಿಗಳ ಭಯವಿದ್ದದ್ದು ನಿಜ. ಆದರೆ ಆ ಭಯದ ಬೆಲೆ ತೆತ್ತವರೂ ದಾಸರೇ: ಸುಮಾರು 112ರಲ್ಲಿ ಬಿಥೂನ್ಯದ ರೋಮನ್ ರಾಜ್ಯಪಾಲ ಪ್ಲಿನಿ ಕ್ರೈಸ್ತರ ಗುಟ್ಟು ತಿಳಿಯಲು ಚಿತ್ರಹಿಂಸೆ ಕೊಡಿಸಿದ್ದು ಇಬ್ಬರು ದಾಸಿಯರಿಗೆ. ಸಭೆಯಲ್ಲಿ ಸೇವಕಿಯರೆಂಬ ಹೆಸರಿದ್ದವರಿಗೆ.

‘ಆ ಕಾಲದಲ್ಲಿ ಬೇರೆ ಯೋಚನೆ ಸಾಧ್ಯವಿರಲಿಲ್ಲ’ ಎಂದು ಷರಾ ಬರೆಯುವ ವಿಮರ್ಶಕರೊಂದಿಗೆ ನನ್ನ ತಕರಾರು ಇರುವುದು ಇಲ್ಲೇ. ಯೋಚನೆ ಇತ್ತು, ಬಾಯಿ ಮುಚ್ಚಿಸಿದ್ದರು. ದಾಸರು ಸಭೆಯ ಹಣದಿಂದ ಬಿಡುಗಡೆ ಬಯಸಬಾರದೆಂದು ಬಿಷಪ್ ಇಗ್ನೇಷಿಯಸ್ 2ನೇ ಶತಮಾನದ ಮೊದಲಲ್ಲಿ ಮತ್ತೊಬ್ಬ ಬಿಷಪ್ ಪಾಲಿಕಾರ್ಪನಿಗೆ ಬರೆಯಬೇಕಾಯಿತು. ಭಕ್ತಿಯ ನೆಪದಲ್ಲಿ ಒಡೆಯನನ್ನು ಬಿಟ್ಟುಹೋಗಲು ದಾಸನಿಗೆ ಕಲಿಸುವವನ ಮೇಲೆ 4ನೇ ಶತಮಾನದಲ್ಲಿ ಏಷ್ಯಾ ಮೈನರ್‌ನ ಗಂಗ್ರಾದಲ್ಲಿ ಸೇರಿದ ಬಿಷಪರ ಸಮ್ಮೇಳನ ಶಾಪ ಹಾಕಿತು. ಅದೇ ಶತಮಾನದಲ್ಲಿ, ಅದೇ ಏಷ್ಯಾ ಮೈನರ್‌ನಲ್ಲಿ, ನಿಸ್ಸಾದ ಬಿಷಪ್ ಗ್ರೆಗೊರಿ ಬೈಬಲಿನ ಪ್ರಸಂಗಿ ಗ್ರಂಥದ ಮೇಲೆ ಪ್ರವಚನ ಮಾಡುತ್ತ ದೇವರ ಪ್ರತಿರೂಪಕ್ಕೆ ಬೆಲೆ ಕಟ್ಟುವವರು ಯಾರು ಎಂದು ಒಡೆಯರನ್ನೇ ತರಾಟೆಗೆ ತೆಗೆದುಕೊಂಡ. ಗ್ರೆಗೊರಿಯನ್ನು ಕಾಲವನ್ನು ಮೀರಿದವನೆಂದು ಹೊಗಳುವುದು ವಾಡಿಕೆ. ಒಡೆಯರ ಅಭಿಪ್ರಾಯವನ್ನೇ ಕಾಲವೆಂದು ಎಣಿಸಿದರೆ ಮಾತ್ರ ಆ ಹೊಗಳಿಕೆ ನಿಲ್ಲುತ್ತದೆ; ತಿಮೊಥೆಯನ ಪತ್ರಿಕೆ ಯಾರನ್ನು ಗದರಿಸಿತೋ ಆ ದಾಸರು ಅವನಿಗಿಂತ ಎರಡು ಶತಮಾನಕ್ಕೂ ಹಿಂದಿನವರು.