ವಕ್ತೃವೋ, ಗುರುವೋ?

ಹೆಸರು ನಾಲಿಗೆಗೆ ಹಗುರಾಗಿ ಬರದ ವಿಷಯವನ್ನು ಓದಲು ಹೊರಟ ಹುಡುಗಿಗೆ ಮನೆಯಲ್ಲಿ ಕಷ್ಟ. 'ಎಥ್ನೋಮ್ಯೂಸಿಕಾಲಜಿ' ಅಂಥದೊಂದು ಹೆಸರು. ಕನ್ನಡದಲ್ಲಿ ಜನಾಂಗೀಯ ಸಂಗೀತಶಾಸ್ತ್ರ ಎನ್ನೋಣ. ಸಂಗೀತದಲ್ಲಿ ಎಂ.ಎ. ಎಂದರೆ ಹಿರಿಯರಿಗೆ ತಿಳಿಯುತ್ತದೆ: ಒಂದಿಷ್ಟು ರಾಗ, ಒಂದಿಷ್ಟು ತಾಳ, ಕೊನೆಗೊಂದು ಕಛೇರಿ. ಇಲ್ಲಿಯ ಪಾಠ ಬೇರೆ. ಒಂದು ಹಾಡನ್ನು ಯಾರು ಹಾಡುತ್ತಾರೆ, ಯಾವ ಕೆಲಸದ ನಡುವೆ, ಯಾರ ಎದುರಿಗೆ, ಯಾರು ಅದನ್ನು ಹಾಡಬಾರದು ಎಂಬುದೆಲ್ಲ ಸ್ವರದಷ್ಟೇ ಮುಖ್ಯ. ನನ್ನ ತಂಗಿಯ ಮಗಳು ಇದನ್ನೇ ಓದುತ್ತೇನೆಂದು ಹಟ ಹಿಡಿದಾಗ ಅವಳು ತಂದಿಟ್ಟ ಪುಸ್ತಕಗಳನ್ನು ನಾನೂ ಓದಿದೆ. ಓದುತ್ತ ಹೋದಂತೆ ನನಗೆ ಉಳಿದದ್ದು ಒಂದೇ ಪ್ರಶ್ನೆ: ಹಾಡು ಬಲ್ಲವಳನ್ನು ಈ ಶಾಸ್ತ್ರ ಎಲ್ಲಿ ಕೂರಿಸುತ್ತದೆ?

ಮೊದಲು ಇದಕ್ಕೆ ತೌಲನಿಕ ಸಂಗೀತಶಾಸ್ತ್ರ ಎಂದು ಹೆಸರಿತ್ತು. 1900ರಲ್ಲಿ ಬರ್ಲಿನ್ನಿನಲ್ಲಿ ಧ್ವನಿಮುದ್ರಣಗಳ ಭಂಡಾರವೊಂದು ಶುರುವಾಯಿತು. ಲೋಕದ ನಾನಾ ಕಡೆಯ ಹಾಡುಗಳು ಮೇಣದ ಉರುಳೆಗಳಲ್ಲಿ ಅಲ್ಲಿಗೆ ಬಂದು ಸೇರಿದವು. ಪಂಡಿತರು ಕುಳಿತಲ್ಲೇ ಅಳೆದರು, ಹೋಲಿಸಿದರು. ಹಾಡಿದವರು ಬಲುದೂರ ಉಳಿದರು. ಈಗಿನ ಹೆಸರನ್ನು 1950ರಲ್ಲಿ ಬಳಕೆಗೆ ತಂದವನು ಹಾಲೆಂಡಿನ ಯಾಪ್ ಕುನ್ಸ್ಟ್. 1964ರಲ್ಲಿ ಅಮೆರಿಕದ ಅಲನ್ ಮೆರಿಯಮ್ 'ದಿ ಆಂತ್ರೊಪಾಲಜಿ ಆಫ್ ಮ್ಯೂಸಿಕ್' ಎಂಬ ಗ್ರಂಥ ಬರೆದು, ನಾದವನ್ನಷ್ಟೇ ನೋಡಿದರೆ ಸಾಲದು, ಅದರ ಹಿಂದಿನ ನಡವಳಿಕೆ ಮತ್ತು ನಂಬಿಕೆಗಳನ್ನೂ ನೋಡಬೇಕೆಂದು ವಾದಿಸಿದ.

ಈ ಮಾತು ಎಷ್ಟು ನಿಜವೆಂದು ತಿಳಿಯಲು ನನಗೆ ಅಮೆರಿಕ ಬೇಕಾಗಲಿಲ್ಲ. ಸುಮಾರು 1988ರಲ್ಲಿ ನಮ್ಮ ದೊಡ್ಡವ್ವನ ಹತ್ತಿರ ಬೀಸುವ ಪದ ಬರೆದುಕೊಳ್ಳಲು ಸಂಶೋಧಕರೊಬ್ಬರು ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದರು. ದೊಡ್ಡವ್ವ ಬೀಸುವ ಕಲ್ಲು ಹಾಕಲು ಹೊರಟರೆ, ಅದರ ಗದ್ದಲ ಬೇಡ, ಬರೀ ಹಾಡು ಸಾಕು ಎಂದರು. "ಕಲ್ಲಿಲ್ದ ಪದ ಹ್ಯಾಂಗ ಬರ್ತಾವೋ ಯಪ್ಪಾ?" ಎಂದಳು ದೊಡ್ಡವ್ವ. ಅವಳ ಹಾಡಿಗೆ ಆ ಕಲ್ಲೇ ತಾಳ. ಹಿಡಿ ಜೋಳ ಹಾಕುವಾಗ ಸಾಲು ನಿಲ್ಲುತ್ತಿತ್ತು, ಗೂಟದ ಮೇಲೆ ಕೈ ಬದಲಾಯಿಸುವಾಗ ಉಸಿರು ತಿರುಗುತ್ತಿತ್ತು. ಆದರೂ ಹಿರಿಯರ ಮಾತು ಮೀರಲಾರದೆ ಗೋಡೆಗೊರಗಿ ಹಾಡಿದಳು. ಮುಂದೆ ಆ ಪ್ರಬಂಧದಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ಇಷ್ಟೇ: 'ವಕ್ತೃ, ವಯಸ್ಸು 70, ಅನಕ್ಷರಸ್ಥೆ.' ಕ್ಯಾಸೆಟ್ಟಿನ ಪ್ರತಿ ಕಳಿಸುತ್ತೇವೆಂದವರು ಕಳಿಸಲಿಲ್ಲ. ದೊಡ್ಡವ್ವ ಹೋದಳು, ಅವಳ ದನಿ ಯಾವ ಕಪಾಟಿನಲ್ಲಿದೆಯೋ, ಅವಳ ಮೊಮ್ಮಕ್ಕಳಿಗಂತೂ ಸಿಕ್ಕಿಲ್ಲ.

ನಮ್ಮ ಜಾನಪದ ಅಧ್ಯಯನವನ್ನು ಹಗುರಾಗಿ ಕಾಣುವ ಮಾತಲ್ಲ ಇದು. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಹೊರತರದಿದ್ದರೆ ಹೆಣ್ಣುಮಕ್ಕಳ ಹಾಡಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕುವವರು ಇರುತ್ತಿರಲಿಲ್ಲ. ಆದರೆ ಆಮೇಲೆ ಬಂದ ಬಹುಪಾಲು ಸಂಕಲನಗಳು ಹಾಡಿನ ಮಾತನ್ನು ಹಿಡಿದವು, ದಾಟಿಯನ್ನು ಬಿಟ್ಟವು. ತ್ರಿಪದಿಯನ್ನೇ ನೋಡಿ. ಪುಟದ ಮೇಲೆ ಅದು ಮೂರು ಸಾಲು. ಹಾಡುವಾಗ ಎರಡನೆಯ ಸಾಲು ಮರಳಿ ಬಂದು ನಾಲ್ಕಾಗುವುದುಂಟು. ಆ ಮರಳಿಕೆಯಲ್ಲಿ ಹಾಡುವವಳಿಗೆ ಮುಂದಿನ ಮಾತು ಹೊಳೆಯುತ್ತದೆ, ಜೊತೆಗಾತಿಗೆ ಸೇರಿಕೊಳ್ಳಲು ಜಾಗ ಸಿಗುತ್ತದೆ. ಅಚ್ಚಿನಲ್ಲಿ ಅದು ಅನಾವಶ್ಯಕವೆಂದು ಬಿಟ್ಟುಹೋಗುತ್ತದೆ. ಓದಿದವರಿಗೆ ಕವಿತೆ ಸಿಕ್ಕಿತು. ಹಾಡು ಕಟ್ಟುವ ಜಾಣ್ಮೆ ಸಿಗಲಿಲ್ಲ.

ಇಲ್ಲಿ ಈ ಹೊಸ ಶಾಸ್ತ್ರ ನಮಗೆ ಕೊಡುವುದೊಂದಿದೆ. ಕುನ್ಸ್ಟನ ಶಿಷ್ಯ ಮ್ಯಾಂಟಲ್ ಹುಡ್ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವನು. ಮತ್ತೊಬ್ಬರ ಸಂಗೀತದ ಬಗ್ಗೆ ಬರೆಯುವವರು ಮೊದಲು ಅದನ್ನು ಹಾಡಲು, ನುಡಿಸಲು ಕಲಿಯಬೇಕು, ಎರಡು ಭಾಷೆ ಬಲ್ಲವರಂತೆ ಎರಡು ಸಂಗೀತ ಬಲ್ಲವರಾಗಬೇಕು ಎಂದು 1960ರಲ್ಲಿ ಬರೆದ. ಅವನ ವಿದ್ಯಾರ್ಥಿಗಳು ಜಾವಾದ ಗಮೆಲಾನ್ ವಾದ್ಯಗಳ ಮುಂದೆ ಕುಳಿತು ಕಲಿತರು. ನೋಡಲು ಇದು ಬರೀ ಅಭ್ಯಾಸಕ್ರಮ. ಆದರೆ ಇದರಿಂದ ಕೂರುವ ಜಾಗವೇ ಬದಲಾಗುತ್ತದೆ. ಮಾಹಿತಿ ಕೇಳಲು ಬಂದವಳು ಶಿಷ್ಯೆಯಾದರೆ, ಎದುರಿಗಿರುವವಳು ವಕ್ತೃವಾಗಿ ಉಳಿಯುವುದಿಲ್ಲ, ಗುರುವಾಗುತ್ತಾಳೆ. ತಪ್ಪಿದಾಗ ತಿದ್ದುವ ಹಕ್ಕು ಅವಳಿಗೆ ಬರುತ್ತದೆ.

ನನ್ನ ತಕರಾರು ಇರುವುದೂ ಇಲ್ಲೇ. ಗಮೆಲಾನ್, ಸಿತಾರ್, ಮೃದಂಗ ಕಲಿಸುವವರನ್ನು ಗುರು ಎನ್ನಲು ಯಾರಿಗೂ ಸಂಕೋಚವಿಲ್ಲ. ಜೋಗುಳ, ಸೋಬಾನೆ, ಬೀಸುವ ಪದ ಹೇಳುವವಳನ್ನು ಹಾಗೆನ್ನಲು ಮಾತ್ರ ನಾಲಿಗೆ ತಡೆಯುತ್ತದೆ. ಅಡುಗೆಯ ಹಾಗೆ, ಹಾಡೂ ಹೆಂಗಸಿಗೆ ತಾನಾಗಿ ಬರುವುದು ಎಂಬ ಭಾವನೆ. ಯಾವುದೂ ತಾನಾಗಿ ಬರುವುದಿಲ್ಲ. ದೊಡ್ಡವ್ವ ತನ್ನ ಅತ್ತೆಯ ಎದುರಿಗೆ ಕಲ್ಲಿಗೆ ಕುಳಿತು, ವರ್ಷಗಟ್ಟಲೆ ಕೈಯೂ ಕೊರಳೂ ನೋಯಿಸಿಕೊಂಡು ಕಲಿತಿದ್ದಳು.

ಇನ್ನೊಂದು ಮಾತು ಋಣದ್ದು. ಅಮೆರಿಕದ ಮೂಲನಿವಾಸಿಗಳಾದ ಒಮಾಹ ಜನರ ಹಾಡುಗಳನ್ನು ಆಲಿಸ್ ಫ್ಲೆಚರ್ ಎಂಬ ಹೆಣ್ಣುಮಗಳು, ಅದೇ ಜನಾಂಗದ ಫ್ರಾನ್ಸಿಸ್ ಲಾ ಫ್ಲೆಶ್ ಜೊತೆಗೂಡಿ 1890ರ ದಶಕದಲ್ಲಿ ಮುದ್ರಿಸಿಕೊಂಡಳು. ಅವುಗಳ ಪ್ರತಿಗಳು ಆ ಜನರಿಗೆ ಮರಳಿದ್ದು 1983ರಲ್ಲಿ. ಹಾಡಿದವರಲ್ಲ, ಅವರ ಮೊಮ್ಮಕ್ಕಳು, ಮರಿಮಕ್ಕಳು ಕೇಳಿದರು. ನಮ್ಮ ಕಡೆಯದೂ ಒಂದು ಉದಾಹರಣೆಯಿದೆ. ಡಚ್ಚರ ಆರ್ನಾಲ್ಡ್ ಬಾಕೆ 1938ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಮಾಡಿದ ಮುದ್ರಣಗಳನ್ನು ಹಿಡಿದು, 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಆಮಿ ಕ್ಯಾಟ್ಲಿನ್ ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಮತ್ತೆ ಅದೇ ಜಾಡಿನಲ್ಲಿ ತಿರುಗಿದರು. ವಿದೇಶೀ ವಿದ್ವಾಂಸರ ಮುದ್ರಣಗಳ ಪ್ರತಿಗಳು ನಮ್ಮ ದೇಶದಲ್ಲೂ ಉಳಿಯಲೆಂದು 1982ರಲ್ಲಿ ಪುಣೆಯಲ್ಲಿ ಒಂದು ಸಂಗ್ರಹಾಲಯ ಹುಟ್ಟಿತು. ಆಮೇಲೆ ದೆಹಲಿಯ ಕಡೆಗೆ ಹೋಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಪ್ರತಿ ಮರಳಲು ತೊಂಬತ್ತು ವರ್ಷವೇಕೆ ಕಾಯಬೇಕು? ಈಗ ಫೋನಿನಲ್ಲೇ ಮುದ್ರಣವಾಗುತ್ತದೆ. ಹೊಸ್ತಿಲು ದಾಟುವ ಮೊದಲೇ ಪ್ರತಿ ಕೊಟ್ಟು ಬರಬಹುದು.

ನಮ್ಮ ಹುಡುಗಿಗೆ ನಾನು ಬೇಡವೆನ್ನಲಿಲ್ಲ. ಈ ಓದಿನಿಂದ ನೌಕರಿ ಸುಲಭವಲ್ಲ ಎಂದು ಅವಳಿಗೂ ಗೊತ್ತು. ಓದಲಿ. ಆದರೆ ಪದವಿಯ ಬೆಲೆಯನ್ನು ನಾನು ಅಂಕಪಟ್ಟಿಯಲ್ಲಿ ನೋಡುವವಳಲ್ಲ. ಪ್ರಬಂಧದ ಮೊದಲ ಪುಟದಲ್ಲಿ ಮಾರ್ಗದರ್ಶಕರ ಹೆಸರಿನ ಪಕ್ಕದಲ್ಲಿ, ಕಲಿಸಿದ ಮುದುಕಿಯ ಹೆಸರೂ ಇದೆಯೇ? ಅವಳ ವಿದ್ಯೆಯ ವಿವರವಿರಬೇಕಾದ ಕಡೆ ಯಾರಾದರೂ 'ಅನಕ್ಷರಸ್ಥೆ' ಎಂದು ಬರೆದಿದ್ದಾರೆಯೇ? ಮೊದಲು ಇಷ್ಟನ್ನು ನೋಡುತ್ತೇನೆ, ಆಮೇಲೆ ಉಳಿದ ಪುಟ ತಿರುವುತ್ತೇನೆ.